ಅಪ್ಪನ ಪಾಳಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಂಗಳೂರಿನ ಹೊಸ ಅಪ್ಪಂದಿರವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಒಂದು ಮಾಡಿದ್ದೇವೆ. ಹೆಸರು ಬೇಡವೆಂದು ಕೇಳಿದವರೇ ಜಾಸ್ತಿ, ಹಾಗಾಗಿ ಬಡಾವಣೆ ಮಾತ್ರ ಹಾಕಿದ್ದೇವೆ.

ಮಗಳಿಗೆ ಆರು ತಿಂಗಳು ತುಂಬಿತು. ಹೆಂಡತಿಯ ಹೆರಿಗೆ ರಜೆ ಮುಗಿದು ಆಫೀಸು ಶುರುವಾಗಿದೆ. ರಾಗಿ ಸರಿ ಹಿಟ್ಟು ಮಾಡುವ ಕೆಲಸ ನಾನು ಹೊತ್ತುಕೊಂಡೆ. ಮೊದಲ ಸಲ ಮೊಳಕೆ ಹುಳಿ ವಾಸನೆ ಬಂತು, ಎಸೆದೆ. ಎರಡನೇ ಸಲ ಹಿಟ್ಟೇನೋ ಆಯಿತು, ಬೇಯಿಸಿದರೆ ಗೋಂದಿನ ಹಾಗೆ ಗಟ್ಟಿ. ಎಲ್ಲಿ ತಪ್ಪಿದೆ? (ಕೆಂಗೇರಿ)

ಎರಡು ಸಲವೂ ತಪ್ಪಿದ್ದು ಬೇರೆ ಬೇರೆ ಕಡೆ. ಹುಳಿ ಬಂದದ್ದು ನೀರು ನಿಂತದ್ದರಿಂದ. ಗಟ್ಟಿಯಾದದ್ದು ಹೆಚ್ಚು ಹುರಿದದ್ದರಿಂದ.

ಮೊದಲಿಂದ ಬರೋಣ. ಅರ್ಧ ಕಿಲೋ ರಾಗಿ ಸಾಕು. ಕಲ್ಲು, ಹೊಟ್ಟು ಹೋಗುವವರೆಗೆ ನಾಲ್ಕೈದು ನೀರಿನಲ್ಲಿ ತೊಳೆದು, ರಾತ್ರಿ ನೆನೆ ಹಾಕಿ. ಹತ್ತು ಹನ್ನೆರಡು ಗಂಟೆಯಾದ ಮೇಲೆ ನೀರು ಬಸಿದು, ಜರಡಿಯಲ್ಲಿ ಅರ್ಧ ಗಂಟೆ ಸೋರಲು ಬಿಡಿ. ಬಹಳ ಜನ ಬಿಡುವುದು ಈ ಅರ್ಧ ಗಂಟೆಯನ್ನೇ. ಆಮೇಲೆ ಹಳೆಯ ಹತ್ತಿ ಪಂಚೆಯಲ್ಲಿ ಸಡಿಲವಾಗಿ ಕಟ್ಟಿ ತೂಗು ಹಾಕಿ. ಡಬ್ಬಿಯಲ್ಲಿಟ್ಟು ಮುಚ್ಚಳ ಮುಚ್ಚಿದರೆ ಗಾಳಿ ಆಡದೆ ಬಿಸಿಯಾಗಿ ಹುಳಿ ಬರುತ್ತದೆ. ದಿನಕ್ಕೆರಡು ಸಲ ಗಂಟಿನ ಮೇಲೆ ನೀರು ಚಿಮುಕಿಸಿ. ಏಪ್ರಿಲ್, ಮೇ ಸೆಕೆಯಲ್ಲಿ 24 ಗಂಟೆಗೆ ಮೊಳಕೆ ಬರುತ್ತದೆ. ಡಿಸೆಂಬರ್ ಚಳಿಗೆ ಎರಡು ದಿನವೂ ಹಿಡಿದೀತು. ಬಿಳಿ ಬೇರು ಕಾಳಿನ ಎರಡರಷ್ಟು ಉದ್ದ ಬಂದರೆ ನಿಲ್ಲಿಸಿ. ಇನ್ನೂ ಬಿಟ್ಟರೆ ಕಹಿ.

ಒಣಗಿಸುವುದು ಫ್ಯಾನಿನ ಕೆಳಗೆ ಬಟ್ಟೆ ಹರಡಿ, ಕಡೆಗೊಂದು ದಿನ ಬಿಸಿಲು. ಹಲ್ಲಿಗೆ ಕಟ್ ಎನ್ನಬೇಕು. ತೇವ ಉಳಿದರೆ ಹಿಟ್ಟಿಗೆ ಬೂಷ್ಟು ಹಿಡಿಯುತ್ತದೆ. ಜುಲೈ, ಆಗಸ್ಟ್ ಮೋಡದಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡಲೇಬೇಡಿ.

ಇನ್ನು ಹುರಿಯುವುದು. ಮೊಳೆತ ಕಾಳಿನಲ್ಲಿ ಪಿಷ್ಟವನ್ನು ತುಂಡರಿಸುವ ಕಿಣ್ವ ಹುಟ್ಟುತ್ತದೆ. ರಾಗಿ ಸರಿ ಒಲೆಯ ಮೇಲೆ ನಿಧಾನಕ್ಕೆ ಬಿಸಿಯಾಗುವಾಗ ಅದು ಕೆಲಸ ಮಾಡಿ ಗಂಜಿಯನ್ನು ತೆಳುವಾಗಿಸುತ್ತದೆ. ಮೊಳಕೆ ಕಟ್ಟುವ ಕಷ್ಟವೆಲ್ಲ ಮುಖ್ಯವಾಗಿ ಇದಕ್ಕಾಗಿಯೇ. ಬಾಣಲೆಯಲ್ಲಿ ಕಾಳು ಸಿಡಿಯುವಷ್ಟು ಹುರಿದರೆ ಕಿಣ್ವ ಅಲ್ಲೇ ಸತ್ತುಹೋಗುತ್ತದೆ. ಆಗ ಸರಿ ಗೋಂದಾಗುತ್ತದೆ, ನೀವು ನೀರು ಸುರಿಯುತ್ತೀರಿ, ಮಗುವಿನ ಹೊಟ್ಟೆ ತುಂಬುವುದು ನೀರಿನಿಂದ. ಸಣ್ಣ ಉರಿಯಲ್ಲಿ ಘಮ ಏಳುವವರೆಗೆ, ಕೈಗೆ ಬಿಸಿ ತಾಗುವವರೆಗೆ ಮಾತ್ರ ಹುರಿಯಿರಿ. ಆರಿದ ಮೇಲೆ ಅಂಗೈಯಲ್ಲಿ ತಿಕ್ಕಿ ಬೇರು ಉದುರಿಸಿ, ಕೇರಿ.

ಮಿಲ್ಲಿಗೆ ಹೋಗುವಾಗ ಒಂದು ಎಚ್ಚರ. ನಿಮ್ಮ ಮುಂದಿನವರು ಖಾರದ ಪುಡಿ ಹಾಕಿಸಿದ್ದರೆ ಕಾಯಿರಿ. ಅಕ್ಕಿ ಬೀಸಿದ ಮೇಲೆ ನಿಮ್ಮದನ್ನು ಹಾಕಿಸಿ. ತಂದ ಹಿಟ್ಟನ್ನು ತೆಳು ಮಲ್ಲಿನ ಬಟ್ಟೆಯಲ್ಲಿ ವಸ್ತ್ರಗಾಳಿತ ಮಾಡಿ. ತವುಡು ಹೋಗಿ ಹಿಟ್ಟು ಕಡಿಮೆಯಾಗುತ್ತದೆ, ಬೇಜಾರು ಬೇಡ, ಆ ತವುಡು ನಿಮ್ಮ ರೊಟ್ಟಿಗಾದೀತು.

ಬೇಯಿಸುವಾಗ ಒಂದು ದೊಡ್ಡ ಚಮಚ ಹಿಟ್ಟನ್ನು ಕಾಲು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಇನ್ನು ಮುಕ್ಕಾಲು ಲೋಟ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ತಿರುವಿ. ಚಮಚ ಓರೆ ಮಾಡಿದರೆ ಸರಿ ಮೆಲ್ಲಗೆ ಜಾರಬೇಕು, ಸುರಿಯಬಾರದು. ಮೇಲೆ ಅರ್ಧ ಚಮಚ ತುಪ್ಪ. ಉಪ್ಪು, ಸಕ್ಕರೆ, ಬೆಲ್ಲ ವರ್ಷ ತುಂಬುವವರೆಗೆ ಬೇಡ. ಜೇನುತುಪ್ಪವನ್ನು ಶಾಸ್ತ್ರಕ್ಕೆಂದು ನಾಲಿಗೆಗೆ ಮುಟ್ಟಿಸುವುದೂ ಬೇಡ. ಬಾಟ್ಯುಲಿಸಂ ಎಂಬ ಕಾಯಿಲೆಯ ಬೀಜಕಗಳು ಅದರಲ್ಲಿರಬಹುದು, ವರ್ಷದೊಳಗಿನ ಕರುಳು ಅವನ್ನು ತಡೆಯಲಾರದು. ಶುರುವಿನಲ್ಲಿ ಎರಡು ಮೂರು ಚಮಚ, ದಿನಕ್ಕೆ ಎರಡು ಮೂರು ಸಲ. ಎಂಟು ತಿಂಗಳ ಹೊತ್ತಿಗೆ ಒಂದು ಸಲಕ್ಕೆ 250 ಮಿ.ಲೀ. ಬಟ್ಟಲಿನ ಅರ್ಧ. ಎದೆಹಾಲು ಮೊದಲಿನಂತೆಯೇ ನಡೆಯಲಿ.

ರಾಗಿ ಕೊಟ್ಟರೆ ಎಲ್ಲ ಆಯಿತು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿ.ಗ್ರಾಂ. ಸುಣ್ಣದಂಶ ಇರುವುದು ನಿಜ. ಆದರೆ ಕಬ್ಬಿಣದಂಶ ನಾಲ್ಕೂವರೆ ಮಿ.ಗ್ರಾಂ. ಆಸುಪಾಸು, ಅದರಲ್ಲೂ ಮೈಗೆ ಹತ್ತುವುದು ಸ್ವಲ್ಪವೇ. ಬೇಳೆ, ಸೊಪ್ಪಿಗೆ ನಾಲ್ಕು ಹನಿ ನಿಂಬೆ, ತಿನ್ನುವವರಾದರೆ ಮೊಟ್ಟೆ ಜತೆಗೂಡಲಿ. ಆರು ತಿಂಗಳಿಂದ ವಾರಕ್ಕೆ ಎರಡು ಸಲ 1 ಮಿ.ಲೀ. ಕೊಡುವ ಕಬ್ಬಿಣದ ಸಿರಪ್ ಸರ್ಕಾರದ ಯೋಜನೆಯಲ್ಲೇ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ.

ಹೆಂಡತಿ ಬೆಳಿಗ್ಗೆ ಎಂಟಕ್ಕೆ ಹೊರಟರೆ ಸಂಜೆ ಆರು. ಹಿಂಡಿಟ್ಟ ಎದೆಹಾಲು ಎಷ್ಟು ಬೇಕು, ಎಷ್ಟು ಹೊತ್ತು ಕೆಡದೆ ಇರುತ್ತದೆ? (ಮಾರತ್‌ಹಳ್ಳಿ)

ತಾಯಿ ದೂರವಿರುವ ಪ್ರತಿ ಗಂಟೆಗೆ 30ರಿಂದ 45 ಮಿ.ಲೀ. ಲೆಕ್ಕ ಹಿಡಿಯಿರಿ. ಹತ್ತು ಗಂಟೆಗೆ 300 ಮಿ.ಲೀ. ಇರಲೇಬೇಕು, ಒಂದು ಡಬ್ಬಿ ಹೆಚ್ಚಿಗೆ ಇಟ್ಟರೆ ನೆಮ್ಮದಿ. 60ರಿಂದ 90 ಮಿ.ಲೀ. ಚಿಕ್ಕ ಡಬ್ಬಿಗಳಲ್ಲಿಡಿ, ಮಗು ಬಿಟ್ಟದ್ದು ಎರಡು ಗಂಟೆ ದಾಟಿದರೆ ಚೆಲ್ಲಬೇಕಾಗುತ್ತದೆ. ಹೊರಗೆ 25 ಡಿಗ್ರಿವರೆಗಿನ ತಂಪಿನಲ್ಲಿ ನಾಲ್ಕು ಗಂಟೆ. ಮಾರ್ಚ್‌ನಿಂದ ಮೇವರೆಗೆ ನಮ್ಮಲ್ಲಿ ಆ ತಂಪು ಇರುವುದಿಲ್ಲ, ನೇರ ಫ್ರಿಜ್ಜಿಗೆ ಹೋಗಲಿ. ಫ್ರಿಜ್ಜಿನಲ್ಲಿ ನಾಲ್ಕು ದಿನ, ಬಾಗಿಲಿನ ಅರೆಯಲ್ಲಲ್ಲ, ಒಳಗೋಡೆಯ ಬಳಿ. ಐಸ್ ಪ್ಯಾಕ್ ತುಂಬಿದ ಚೀಲದಲ್ಲಿ 24 ಗಂಟೆ ತಡೆಯುತ್ತದೆ. ಕರೆಂಟು ಹೋದಾಗ ಹೆಚ್ಚಿನ ಮನೆಗಳ ಯುಪಿಎಸ್ ಫ್ರಿಜ್ಜನ್ನು ಓಡಿಸುವುದಿಲ್ಲ, ಹಾಗಾಗಿ ಆ ಐಸ್ ಪ್ಯಾಕ್ ಸದಾ ಹೆಪ್ಪುಗಟ್ಟಿರಲಿ. ಬೆಚ್ಚಗಾಗಿಸಲು ಡಬ್ಬಿಯನ್ನು ಬಿಸಿನೀರಿನ ಬಟ್ಟಲಲ್ಲಿಡಿ. ಮೈಕ್ರೋವೇವ್ ಹಾಲನ್ನು ಒಂದು ಕಡೆ ಕುದಿಸಿ ಇನ್ನೊಂದು ಕಡೆ ತಣ್ಣಗೆ ಬಿಡುತ್ತದೆ, ಬಾಯಿ ಸುಡುವುದು ಹಾಗೆ.

ಐವತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆ ಶಿಶುಪಾಲನಾ ಕೋಣೆಯ ಸೌಲಭ್ಯ ಕೊಡಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕು ಎಂಬುದು ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಬಂದ ನಿಯಮ. ಕೇಳದೆ ಯಾರೂ ಕೊಡುವುದಿಲ್ಲ.

ಮಹಡಿಯ ಮೇಲೆ ಸೋಲಾರ್ ಇದೆ. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವ ಕೆಲಸ ಭಾನುವಾರ ನನ್ನದು. ನೀರು ಎಷ್ಟು ಬಿಸಿ ಇರಬೇಕು? (ರಾಜಾಜಿನಗರ)

ಸುಮಾರು 37 ಡಿಗ್ರಿ, ಎಂದರೆ ನಿಮ್ಮ ಮೊಣಕೈಗೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ. ಅಂಗೈ ನಂಬಬೇಡಿ, ಅದು ಕಾಫಿ ಲೋಟ ಹಿಡಿದು ಒಗ್ಗಿಹೋಗಿದೆ.

ಸೋಲಾರಿನ ತೊಂದರೆ ಬೇರೆ. ಕೊಳವೆಯಲ್ಲಿ ನಿಂತಿದ್ದ ತಣ್ಣೀರು ಮೊದಲು ಬರುತ್ತದೆ, ಇನ್ನೂ ಬಿಸಿ ಬಂದಿಲ್ಲವೆಂದು ನಲ್ಲಿ ಪೂರ್ತಿ ತಿರುಗಿಸಿರುತ್ತೀರಿ, ಬಿಸಿಲಿನ ದಿನವಾದರೆ 60 ಡಿಗ್ರಿಯೂ ದಾಟಿದ ನೀರು ಒಮ್ಮೆಲೇ ಸುರಿಯುತ್ತದೆ. ಆ ಬಿಸಿಗೆ ಎಳೆಯ ಚರ್ಮ ಸುಡಲು ಒಂದೆರಡು ಸೆಕೆಂಡು ಸಾಕು. ಆದ್ದರಿಂದ ಬಕೆಟ್ಟಿಗೆ ಮೊದಲು ತಣ್ಣೀರು, ಮೇಲೆ ಬಿಸಿನೀರು, ಕೈಯಾಡಿಸಿ, ನಲ್ಲಿ ಬಿಗಿಯಾಗಿ ನಿಲ್ಲಿಸಿ, ಆಮೇಲೆ ಮಗುವನ್ನು ಬಚ್ಚಲಿಗೆ ತನ್ನಿ. ಸುಟ್ಟರೆ ಹರಿಯುವ ತಣ್ಣೀರಿನ ನಲ್ಲಿಯ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಐಸು ಬೇಡ. ಸ್ನಾನವಾದ ಮೇಲೆ ಬಕೆಟ್ಟು ಬೋರಲು ಹಾಕಿ. ಎರಡು ಇಂಚು ನೀರಿನಲ್ಲೂ ಮಗು ಮುಳುಗಬಲ್ಲದು, ಸದ್ದೂ ಬರುವುದಿಲ್ಲ.

ಎಣ್ಣೆ ಕಿವಿಗೆ, ಮೂಗಿಗೆ ಬಿಡಬೇಡಿ. ಸಾಂಬ್ರಾಣಿ ಹೊಗೆ ಶ್ವಾಸಕ್ಕೆ ಒಳ್ಳೆಯದಲ್ಲ. ಅಂಗಡಿ ಕಾಡಿಗೆಯಲ್ಲಿ ಸೀಸ ಇರಬಹುದು. ಅಜ್ಜಿಯ ಸಮಾಧಾನಕ್ಕೆ ಅಂಗಾಲಿಗೊಂದು ಬೊಟ್ಟು ಇಟ್ಟರೆ, ಅದನ್ನೂ ಮಗು ಬಾಯಿಗೆ ಹಾಕಿಕೊಳ್ಳುವ ವಯಸ್ಸಿಗೆ ಬಂದಾಗ ನಿಲ್ಲಿಸಿ.

ಎರಡೂವರೆ ವರ್ಷದ ಮಗನನ್ನು ಎಲೆಕ್ಟ್ರಿಕ್ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಪ್ಲೇಹೋಮಿಗೆ ಬಿಡುತ್ತೇನೆ. ಎರಡೇ ಕಿಲೋಮೀಟರ್. ಹೆಂಡತಿಗೆ ಭಯ. (ವಿಜಯನಗರ)

ಅವರ ಭಯ ಸರಿಯಾಗಿದೆ. ಜೋರಾಗಿ ಬ್ರೇಕ್ ಹಾಕಿದರೆ ಮಗುವಿನ ಮುಖ, ಎದೆ ಹ್ಯಾಂಡಲಿಗೆ ಬಡಿಯುತ್ತದೆ, ಹಿಂದಿನಿಂದ ನಿಮ್ಮ ಮೈಭಾರವೂ ಅದರ ಮೇಲೇ ಬೀಳುತ್ತದೆ. ಎಲೆಕ್ಟ್ರಿಕ್ ಗಾಡಿಯಲ್ಲಿ ಇನ್ನೊಂದಿದೆ. ನಿಂತಾಗ ಸದ್ದಿರುವುದಿಲ್ಲ, ಆಫ್ ಮಾಡಿಲ್ಲವೆಂಬುದನ್ನು ನೀವು ಮರೆತಿರುತ್ತೀರಿ, ಮಗು ಬಲಗೈ ಹಿಡಿಕೆ ತಿರುಗಿಸಿದರೆ ಗಾಡಿ ಹಾರುತ್ತದೆ.

2023ರ ಫೆಬ್ರುವರಿ 15ರಿಂದ ಜಾರಿಯಲ್ಲಿರುವ ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ 9 ತಿಂಗಳಿಂದ 4 ವರ್ಷದವರೆಗಿನ ಮಗುವನ್ನು ಬೈಕು, ಸ್ಕೂಟರಿನಲ್ಲಿ ಒಯ್ಯಲು ಸೇಫ್ಟಿ ಹಾರ್ನೆಸ್ ಬೇಕು, ತಲೆಗೆ ಅಳತೆಯ ಹೆಲ್ಮೆಟ್ ಬೇಕು (ಸೈಕಲ್ ಹೆಲ್ಮೆಟ್ ಕೂಡ ನಡೆಯುತ್ತದೆ), ವೇಗ 40 ಕಿ.ಮೀ. ಮೀರಬಾರದು. ಹಾರ್ನೆಸ್ ಎಂದರೆ ಮಗುವಿಗೆ ತೊಡಿಸುವ ಒಂದು ಅಂಗಿ, ಅದರ ಪಟ್ಟಿಗಳು ನಿಮ್ಮ ಹೆಗಲಿಗೆ. 30 ಕಿಲೋ ಭಾರ ತಡೆಯುವಂಥದ್ದು ಇರಬೇಕು.

ಹೆಲ್ಮೆಟ್ ಕೊಳ್ಳುವ ಮುಂಚೆ ಟೇಪು ಹಿಡಿದು ಹುಬ್ಬಿನ ಮೇಲೆ ಸುತ್ತಳತೆ ತೆಗೆಯಿರಿ. ಈ ವಯಸ್ಸಿಗೆ ಹೆಚ್ಚಾಗಿ 48ರಿಂದ 50 ಸೆಂ.ಮೀ. ಇರುತ್ತದೆ. "ಮುಂದಿನ ವರ್ಷಕ್ಕೂ ಆಗಲಿ" ಎಂದು ದೊಡ್ಡದು ತರುವುದು ಚಪ್ಪಲಿಗೆ ಸರಿ, ಹೆಲ್ಮೆಟ್ಟಿಗಲ್ಲ. ಹಾಕಿದಾಗ ಹುಬ್ಬಿನ ಮೇಲೆ ಎರಡು ಬೆರಳು ಜಾಗ, ಗದ್ದದ ಪಟ್ಟಿಯೊಳಗೆ ಒಂದು ಬೆರಳು.

ಕೂರಿಸುವ ಕ್ರಮವೂ ಮುಖ್ಯ. ಗಾಡಿ ಸೆಂಟರ್ ಸ್ಟ್ಯಾಂಡಿನಲ್ಲಿ, ಆಫ್. ಮಗುವಿಗೆ ಹಾರ್ನೆಸ್, ಹೆಲ್ಮೆಟ್. ನೀವು ಕುಳಿತ ಮೇಲೆ ಇನ್ನೊಬ್ಬರು ಮಗುವನ್ನು ಹಿಂದೆ ಕೂರಿಸಿ ಪಟ್ಟಿ ಬಿಗಿಯಲಿ. ಆಮೇಲೆ ಆನ್. ಇಳಿಯುವಾಗ ಮೊದಲು ಆಫ್. ಬ್ಯಾಗು ಮಗುವಿನ ಬೆನ್ನಿಗೆ ಬೇಡ, ಮುಂದಿನ ಕೊಕ್ಕೆಗೆ ಹಾಕಿ. ಮಗು ತೂಕಡಿಸಿದರೆ ತಲೆಯೆಲ್ಲ ಒಂದು ಬದಿಗೆ ವಾಲುತ್ತದೆ, ಗಾಡಿ ನಿಲ್ಲಿಸಲೇಬೇಕು. ಮಳೆ ನಿಂತು ಗುಂಡಿ ಕಾಣದ ದಿನ ಆಟೋ ಹತ್ತಿ. ಒಂಬತ್ತು ತಿಂಗಳೊಳಗಿನ ಕೂಸಿಗೆ ಕುತ್ತಿಗೆ, ಬೆನ್ನಿನ ಹಿಡಿತ ಸಾಲದು, ಸ್ಕೂಟರಿನ ಮಾತೇ ಬೇಡ.

ಮಗನಿಗೆ 14 ತಿಂಗಳು, 10 ಕಿಲೋ. ಜ್ವರ ಬಂದಾಗ ಪ್ಯಾರಾಸಿಟಮಾಲ್ ಎಷ್ಟು ಹಾಕಬೇಕೆಂಬುದೇ ಗೊಂದಲ. ಮನೆಯಲ್ಲಿ ಮೂರು ಬಗೆಯ ಬಾಟಲಿ ಇದೆ. (ಬಸವನಗುಡಿ)

ಮೂರು ಇರುವುದೇ ತೊಂದರೆಯ ಮೂಲ. ಲೆಕ್ಕ ಸುಲಭ: ಒಂದು ಕಿಲೋ ತೂಕಕ್ಕೆ ಒಂದು ಸಲಕ್ಕೆ 15 ಮಿ.ಗ್ರಾಂ. ನಿಮ್ಮ ಮಗನಿಗೆ 150 ಮಿ.ಗ್ರಾಂ. ಆದರೆ 5 ಮಿ.ಲೀ.ಗೆ 120 ಮಿ.ಗ್ರಾಂ. ಇರುವ ಸಿರಪ್ಪಿನಲ್ಲಿ ಇದು ಆರು ಮಿ.ಲೀ.ಗಿಂತ ತುಸು ಹೆಚ್ಚು. 5 ಮಿ.ಲೀ.ಗೆ 250 ಮಿ.ಗ್ರಾಂ. ಇರುವುದರಲ್ಲಿ 3 ಮಿ.ಲೀ. 1 ಮಿ.ಲೀ.ಗೆ 100 ಮಿ.ಗ್ರಾಂ. ಇರುವ ಡ್ರಾಪ್ಸಿನಲ್ಲಿ ಒಂದೂವರೆ ಮಿ.ಲೀ. ಡ್ರಾಪ್ಸನ್ನು ಸಿರಪ್ಪೆಂದು 5 ಮಿ.ಲೀ. ಕುಡಿಸಿದರೆ 500 ಮಿ.ಗ್ರಾಂ., ಮೂರು ಪಟ್ಟು ದಾಟಿತು. ನಿಮ್ಮ ಮಕ್ಕಳ ವೈದ್ಯರನ್ನು ಕೇಳಿ ಒಂದನ್ನು ಉಳಿಸಿಕೊಂಡು, ಮಿಕ್ಕೆರಡನ್ನು ಮನೆಯಿಂದ ಆಚೆ ಹಾಕಿ. ಅಳೆಯಲು ಸಿರಿಂಜು ಅಥವಾ ಗೆರೆಯಿರುವ ಮುಚ್ಚಳ, ಅಡುಗೆ ಮನೆಯ ಚಮಚವಲ್ಲ.

ಎರಡು ಡೋಸಿನ ನಡುವೆ ಆರು ಗಂಟೆ ಇಟ್ಟುಕೊಳ್ಳಿ, ತೀರಾ ಬೇಕಾದರೆ ನಾಲ್ಕು. ದಿನಕ್ಕೆ ನಾಲ್ಕು ಸಲ ಮೀರಬಾರದು. ಗಂಡ ಹೆಂಡತಿ ಪಾಳಿಯಲ್ಲಿ ನೋಡಿಕೊಳ್ಳುವ ಮನೆಗಳಲ್ಲಿ ಮಾಮೂಲಿ ಎಡವಟ್ಟು ಎಂದರೆ, ರಾತ್ರಿ ಎರಡಕ್ಕೆ ಅಪ್ಪ ಹಾಕಿ ಮಲಗುತ್ತಾನೆ, ಮೂರಕ್ಕೆ ಎದ್ದ ಅಮ್ಮ ಮತ್ತೆ ಹಾಕುತ್ತಾಳೆ. ಫ್ರಿಜ್ಜಿನ ಬಾಗಿಲಿಗೆ ಹಾಳೆ ಅಂಟಿಸಿ, ಹೊತ್ತು, ಮಿ.ಲೀ., ಆಗ ಇದ್ದ ಜ್ವರ, ಮೂರನ್ನೂ ಬರೆಯಿರಿ. ವೈದ್ಯರಿಗೆ ತೋರಿಸಲೂ ಅದೇ ಆಗುತ್ತದೆ. ಶೀತದ ಕೆಲವು ಸಿರಪ್ಪುಗಳಲ್ಲೂ ಪ್ಯಾರಾಸಿಟಮಾಲ್ ಸೇರಿರುತ್ತದೆ. ಹೇಗೂ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ಶೀತದ ಸಿರಪ್ ಕೊಡಬಾರದೆಂದು ಕೇಂದ್ರ ಆರೋಗ್ಯ ಸೇವೆಗಳ ನಿರ್ದೇಶನಾಲಯ 2025ರ ಅಕ್ಟೋಬರಿನಲ್ಲಿ ಹೇಳಿದೆ.

ಮಳೆಗಾಲದ ಜ್ವರವೆಂದರೆ ಬೆಂಗಳೂರಿನಲ್ಲಿ ಡೆಂಗಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ನೀವಾಗಿಯೇ ಕೊಡಬೇಡಿ, ರಕ್ತಸ್ರಾವ ಹೆಚ್ಚಬಹುದು. ಡೆಂಗಿಯ ಮೋಸ ಇರುವುದು ಜ್ವರ ಇಳಿದ ಮೇಲೆ, ಮೂರನೇ ದಿನದಿಂದ ಏಳನೇ ದಿನದೊಳಗೆ. ಜ್ವರ ಬಿಟ್ಟಿತೆಂದು ಮನೆಯವರು ಉಸಿರು ಬಿಡುವ ಹೊತ್ತಿಗೆ ಮಗು ಮಂಕಾಗುತ್ತದೆ. ಹೊಟ್ಟೆನೋವು, ಬಿಡದ ವಾಂತಿ, ತಣ್ಣಗಾದ ಕೈಕಾಲು, ಒಸಡಿನಲ್ಲಿ ರಕ್ತ, ಆರು ಗಂಟೆ ಉಚ್ಚೆ ಇಲ್ಲದಿರುವುದು, ಇದರಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೊರಡಿ.

ಜ್ವರದಲ್ಲಿ ಫಿಟ್ಸ್ ಬಂದರೆ ಮಗುವನ್ನು ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ ಯಾವುದೂ ಬೇಡ. ಐದು ನಿಮಿಷ ದಾಟಿದರೆ 108. ಬೇಗ ನಿಂತರೂ ಮೊದಲ ಸಲವಾದರೆ ಅವತ್ತೇ ವೈದ್ಯರಿಗೆ ತೋರಿಸಿ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಔಷಧಿಯ ಲೆಕ್ಕ ಬಿಟ್ಟು ನೇರ ವೈದ್ಯರ ಬಳಿ.

ಹೆರಿಗೆಯಾಗಿ ಐದು ವಾರ. ಬಾಣಂತನಕ್ಕೆ ಅತ್ತೆಯೇ ಇಲ್ಲಿಗೆ ಬಂದಿದ್ದಾರೆ. ಹೆಂಡತಿ ಸುಮ್ಮನೆ ಕೂತು ಅಳುತ್ತಾಳೆ. ಮಗು ಮಲಗಿದರೂ ಇವಳಿಗೆ ನಿದ್ದೆ ಇಲ್ಲ. ಹೊಟ್ಟೆ ಬರುತ್ತದೆಂದು ದಿನಕ್ಕೆ ಎರಡೇ ಲೋಟ ನೀರು. ನನಗೆ ಸಿಕ್ಕಿದ್ದು ಐದು ದಿನ ರಜೆ. (ಯಲಹಂಕ)

ಹೆರಿಗೆಯ ಮೂರ್ನಾಲ್ಕನೇ ದಿನ ಶುರುವಾಗುವ ಅಳು ಎರಡು ವಾರದೊಳಗೆ ತಾನೇ ನಿಲ್ಲುತ್ತದೆ. ಐದು ವಾರದ್ದು ಅದಲ್ಲ, ಹೆರಿಗೆಯ ನಂತರದ ಖಿನ್ನತೆ ಇರಬಹುದು. ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿರುವುದನ್ನು ವೈದ್ಯರು ಕಿವಿಗೊಟ್ಟು ಕೇಳುತ್ತಾರೆ. ಹೆರಿಗೆ ಮಾಡಿಸಿದ ವೈದ್ಯರ ಬಳಿ ಈ ವಾರವೇ ಹೋಗಿ, ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ. ರಕ್ತಹೀನತೆ, ಥೈರಾಯ್ಡ್ ತೊಂದರೆ ಎರಡೂ ಹೀಗೆಯೇ ಕಾಣಿಸಿಕೊಳ್ಳಬಲ್ಲವು. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳಿವೆ, ಹಾಲು ಬಿಡಿಸಬೇಕೆಂಬ ಹೆದರಿಕೆ ಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ನೋಡುವ ವಿಭಾಗವೇ ಇದೆ. ಸಾಯುವ ಮಾತು, ಮಗುವಿಗೆ ಏನಾದರೂ ಮಾಡಿಬಿಡುತ್ತೇನೆಂಬ ಮಾತು, ಇಲ್ಲದ ದನಿ ಕೇಳಿಸುವುದು, ಇವು ಕಂಡರೆ ಅದೇ ದಿನ ಹೊರಡಿ, ಒಂಟಿಯಾಗಿ ಬಿಡಬೇಡಿ. "ಬಾಣಂತಿ ಸನ್ನಿ, ತಾಯಿತ ಕಟ್ಟಿಸೋಣ" ಎನ್ನುವವರಿಗೆ ಆಮೇಲೆ ಉತ್ತರ ಹೇಳಿದರಾಯಿತು.

ಮನೆಯಲ್ಲಿ ನಿಮ್ಮ ಕೆಲಸ ನಿದ್ದೆ ಕೊಡಿಸುವುದು. ತುಂಡು ತುಂಡಾಗಿ ಎಂಟು ಗಂಟೆಗಿಂತ ಒಂದೇ ಸಮ ಐದು ಗಂಟೆ ಮೇಲು. ರಾತ್ರಿ ಒಂಬತ್ತಕ್ಕೆ ಹಾಲು ಕುಡಿಸಿ ಅವರು ಬೇರೆ ಕೋಣೆಗೆ ಹೋಗಲಿ. ಎರಡರವರೆಗೆ ಮಗು ನಿಮ್ಮದು: ಹಿಂಡಿಟ್ಟ ಹಾಲು, ತೇಗು ಬರಿಸುವುದು, ಬಟ್ಟೆ ಬದಲಿಸುವುದು, ಎಲ್ಲ. "ಬೇಕಾದರೆ ಎಬ್ಬಿಸು, ಸಹಾಯ ಮಾಡುತ್ತೇನೆ" ಎಂದರೆ ಅವರಿಗೆ ನಿದ್ದೆ ಬಾರದು, ಎಬ್ಬಿಸಬೇಕೋ ಬೇಡವೋ ಎಂದು ಯೋಚಿಸುತ್ತಲೇ ಎದ್ದಿರುತ್ತಾರೆ.

ನೀರು ಕುಡಿದರೆ ಹೊಟ್ಟೆ ಬರುವುದಿಲ್ಲ. ಕಡಿಮೆ ಕುಡಿದರೆ ಮಲಬದ್ಧತೆ, ಮೂತ್ರದ ಸೋಂಕು ಬರುತ್ತವೆ. ಬಾಯಾರಿದಷ್ಟೂ ಕುಡಿಯಲಿ. ಅತ್ತೆಯ ಜತೆ ವಾದ ಬೇಡ, ಜೀರಿಗೆ ಹಾಕಿ ಕುದಿಸಿದ ಬಿಸಿನೀರನ್ನು ಒಂದು ಲೀಟರಿನ ಫ್ಲಾಸ್ಕಿನಲ್ಲಿ ಪಕ್ಕದಲ್ಲಿಟ್ಟು ದಿನಕ್ಕೆ ಮೂರು ಸಲ ತುಂಬಿಸಿ. ಅವರಿಗೆ ಅದು ಕಷಾಯ, ನಿಮಗೆ ನೀರು.

ರಜೆಯ ವಿಚಾರದಲ್ಲಿ ಕೇಂದ್ರ ಸರ್ಕಾರಿ ನೌಕರನಿಗೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿಯವರಿಗೆ ಕಾನೂನಿನ ಆಸರೆ ಇಲ್ಲ. ಉಳಿದ ಗಳಿಕೆ ರಜೆಯನ್ನು ಒಟ್ಟಿಗೆ ಹಾಕದೆ, ಎರಡು ತಿಂಗಳು ವಾರಕ್ಕೊಂದು ದಿನ ಎಂದು ಹರಡಿ ಕೇಳಿ ನೋಡಿ.

ಡೈಪರ್ ಯಾವ ಬುಟ್ಟಿಗೆ? ನಮ್ಮ ಗಾಡಿಯವರು ದಿನಾ ಬೈಯುತ್ತಾರೆ. (ಜೆ.ಪಿ. ನಗರ)

ಕೆಂಪು ಬುಟ್ಟಿಗೆ. ಹಸಿರು ಹಸಿ ಕಸಕ್ಕೆ, ಬಿಳಿ ಚೀಲ ಒಣ ಕಸಕ್ಕೆ. ಮಲವನ್ನು ಕಕ್ಕಸಿಗೆ ಉದುರಿಸಿ, ಡೈಪರನ್ನು ಒಳಮುಖವಾಗಿ ಸುತ್ತಿ, ಪಟ್ಟಿ ಅಂಟಿಸಿ, ನ್ಯೂಸ್ ಪೇಪರಿನಲ್ಲಿ ಪೊಟ್ಟಣ ಕಟ್ಟಿ, ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಗುಣಾಕಾರ ಗುರುತು ಹಾಕಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ಒಳಗೇನಿದೆಯೆಂದು ತಿಳಿಯದೆ ಯಾರೋ ಬರಿಗೈಯಲ್ಲಿ ಬಿಚ್ಚಬೇಕಾಗುತ್ತದೆ. ಅವರು ಬೈಯುವುದು ಅದಕ್ಕೇ.

ಹೆಸರು ಇನ್ನೂ ಗಟ್ಟಿಯಾಗಿಲ್ಲ. ಜನನ ನೋಂದಣಿ ತಡ ಮಾಡಬಹುದೆ? (ಮಲ್ಲೇಶ್ವರ)

ನೋಂದಣಿ ತಡ ಬೇಡ, ಹೆಸರು ತಡವಾಗಬಹುದು. 21 ದಿನದೊಳಗೆ ನೋಂದಣಿಗೆ ಶುಲ್ಕವಿಲ್ಲ, ಹೆಸರಿಲ್ಲದೆಯೂ ಆಗುತ್ತದೆ. ಆಸ್ಪತ್ರೆಯಲ್ಲಿ ಹುಟ್ಟಿದ್ದರೆ ಅವರೇ ವಿವರ ಕಳಿಸುತ್ತಾರೆ. 12 ತಿಂಗಳೊಳಗೆ ಹೆಸರು ಸೇರಿಸಲೂ ಶುಲ್ಕವಿಲ್ಲ, ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ನೋಂದಣಿಯೇ ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್, ಲೈಸೆನ್ಸ್ ಎಲ್ಲಕ್ಕೂ ಹುಟ್ಟಿದ ದಿನದ ಸಾಕ್ಷಿ ಈ ಪತ್ರವೇ.

ನಮ್ಮಲ್ಲಿ ಎಡವುವುದು ಇನಿಷಿಯಲ್ಲಿನಲ್ಲಿ. ಅಪ್ಪನ ಆಧಾರಿನಲ್ಲಿ ಊರು ಮತ್ತು ತಂದೆಯ ಇನಿಷಿಯಲ್, ಪ್ಯಾನಿನಲ್ಲಿ ಅದನ್ನೇ ಬಿಡಿಸಿ ಬರೆದ ಪೂರ್ತಿ ಹೆಸರು, ಆಸ್ಪತ್ರೆಯ ಫಾರಮಿನಲ್ಲಿ ಅವಸರಕ್ಕೆ ಬರೆದದ್ದು ಮೂರನೆಯದು. ಮಗುವಿನ ಪಾಸ್‌ಪೋರ್ಟಿನ ಹೊತ್ತಿಗೆ ಮೂರೂ ಜಗಳವಾಡುತ್ತವೆ. ಹೆರಿಗೆಗೆ ಮುಂಚೆಯೇ ಗಂಡ ಹೆಂಡತಿ ಇಬ್ಬರ ಹೆಸರನ್ನೂ ಆಧಾರಿನಲ್ಲಿರುವ ಅಕ್ಷರದಂತೆಯೇ ಕನ್ನಡ, ಇಂಗ್ಲಿಷ್ ಎರಡರಲ್ಲೂ ಚೀಟಿಯಲ್ಲಿ ಬರೆದು ಆಸ್ಪತ್ರೆಯ ಫೈಲಿನಲ್ಲಿಡಿ. ಫಾರಂ ತುಂಬುವವರ ಕೈಗೆ ಆ ಚೀಟಿಯನ್ನೇ ಕೊಡಿ, ಬಾಯಲ್ಲಿ ಹೇಳಬೇಡಿ.